ರಾತ್ರೋರಾತ್ರಿ ಎದ್ದ ಜೋಸೆಫರು: ಮಕ್ಕಳ ಶಿಬಿರ ಮತ್ತು ನಮ್ಮ ಹೊಣೆ

ಕ್ರಿಸ್ತಜಯಂತಿ ಕಳೆದು ಮೂರನೆಯ ದಿನ, ಡಿಸೆಂಬರ್ 28ರಂದು, ಧರ್ಮಸಭೆ ಬೆತ್ಲೆಹೇಮಿನ ಮುಗ್ಧ ಕಂದಮ್ಮಗಳ ಹಬ್ಬವನ್ನು ಆಚರಿಸುತ್ತದೆ. ಗೋದಲಿಯ ದೀಪಗಳು ಇನ್ನೂ ಉರಿಯುತ್ತಿರುತ್ತವೆ, ಹಬ್ಬದ ಕರಜಿಕಾಯಿ ಡಬ್ಬಿಯಲ್ಲಿ ಇನ್ನೂ ಉಳಿದಿರುತ್ತದೆ. ಆಗಲೇ ಮತ್ತಾಯನ ಶುಭಸಂದೇಶ ನಮ್ಮನ್ನು ಅಳುವ ತಾಯಂದಿರ ಬಳಿಗೆ ಕರೆದೊಯ್ಯುತ್ತದೆ. ಹೆರೋದನ ಸೈನಿಕರು ಬರುವ ಮುಂಚೆಯೇ ಸಂತ ಜೋಸೆಫರಿಗೆ ಕನಸಿನಲ್ಲಿ ಎಚ್ಚರಿಕೆ ಸಿಕ್ಕಿತು. ಅವರು ಬೆಳಗಾಗಲಿ ಎನ್ನಲಿಲ್ಲ, ಜನ ಏನೆಂದಾರು ಎಂದು ಯೋಚಿಸಲಿಲ್ಲ. ರಾತ್ರೋರಾತ್ರಿ ಎದ್ದು, ಮಗುವನ್ನೂ ತಾಯಿಯನ್ನೂ ಕರೆದುಕೊಂಡು ಈಜಿಪ್ಟಿನ ದಾರಿ ಹಿಡಿದರು.

ಪ್ರಿಯರೇ, ಈ ಹಬ್ಬದ ಬೆಳಕಿನಲ್ಲಿ ಮಾತನಾಡಲು ನಾವು ಹಿಂಜರಿಯುವ ಒಂದು ವಿಷಯವನ್ನು ಎತ್ತಿಕೊಳ್ಳೋಣ. ಬಸವಕಲ್ಯಾಣ ಮತ್ತು ಹುಮನಾಬಾದಿನ ನಮ್ಮ ಮಕ್ಕಳನ್ನು ಸೇರಿಸಿ ಬೇಸಿಗೆ ಶಿಬಿರ ನಡೆಸುವ ಸಿದ್ಧತೆಯಲ್ಲಿದ್ದಾಗ, ತಾಯಿಯೊಬ್ಬರು ಬಲಿಪೂಜೆ ಮುಗಿದ ಮೇಲೆ ಬಾಗಿಲ ಬಳಿ ನಿಂತು ಕೇಳಿದರು: "ರಾತ್ರಿ ಹುಡುಗ್ರ ಕೋಣ್ಯಾಗ ಯಾರ್ ಮಲಗ್ತಾರ್ರಿ ಫಾದರ್?" ನಿಜ ಹೇಳಬೇಕೆಂದರೆ ನಮಗೆ ತುಸು ಬೇಸರವಾಯಿತು. ದೇವಾಲಯದ ಶಿಬಿರದ ಬಗ್ಗೆಯೂ ಅನುಮಾನವೇ ಎನಿಸಿತು. ಆ ಪ್ರಶ್ನೆ ಎಷ್ಟು ಸರಿಯಾಗಿತ್ತು ಎಂಬುದು ಇಂಗ್ಲೆಂಡಿನ ಒಂದು ಶಿಬಿರದ ಕಥೆಯನ್ನು ಓದಿದ ಮೇಲೆ ನಮಗೆ ಅರಿವಾಯಿತು.

ಒಂದು ಶಿಬಿರದ ಕಥೆ

ಇಂಗ್ಲೆಂಡಿನ ಡಾರ್ಸೆಟ್ ಪ್ರಾಂತ್ಯದ ಯೂಅರ್ನ್ ಮಿನ್‌ಸ್ಟರ್ ಎಂಬ ಊರಿನಲ್ಲಿ ಹಲವು ದಶಕಗಳ ಕಾಲ ರಜಾದಿನಗಳ ಕ್ರೈಸ್ತ ಶಿಬಿರಗಳು ನಡೆದವು. ಹೆಸರಾಂತ ಶಾಲೆಗಳ ಹುಡುಗರು ಅಲ್ಲಿ ಆಟವಾಡುತ್ತಿದ್ದರು, ಪ್ರಾರ್ಥಿಸುತ್ತಿದ್ದರು, ಬೈಬಲ್ ಕಲಿಯುತ್ತಿದ್ದರು. ಅಲ್ಲಿಂದ ಬಂದ ಅನೇಕರು ಆಂಗ್ಲಿಕನ್ ಸಭೆಯ ನಾಯಕರಾದರು. ಆ ಶಿಬಿರಗಳ ಹಿಂದಿದ್ದ ಟ್ರಸ್ಟಿನ ಅಧ್ಯಕ್ಷ ಜಾನ್ ಸ್ಮೈತ್ 1970ರ ದಶಕದಲ್ಲಿ ದೊಡ್ಡ ವಕೀಲ, ನಿರರ್ಗಳ ಬೋಧಕ. ಇವನು ಶಿಬಿರಕ್ಕೆ ಬಂದ ಹುಡುಗರನ್ನು ವಿಂಚೆಸ್ಟರಿನ ತನ್ನ ಮನೆಗೆ ಕರೆಸಿ, ಹಿತ್ತಲಿನ ಶೆಡ್ಡಿನಲ್ಲಿ ರಕ್ತ ಬರುವಂತೆ ಬೆತ್ತದಿಂದ ಹೊಡೆಯುತ್ತಿದ್ದನು. ಪಾಪಕ್ಕೆ ಪ್ರಾಯಶ್ಚಿತ್ತ, ಪಾವಿತ್ರ್ಯದ ದಾರಿ ಎಂದು ಅವರನ್ನು ನಂಬಿಸಿದ್ದನು. ದೇವರ ಹೆಸರಿನಲ್ಲಿ ಆದದ್ದರಿಂದ ಹುಡುಗರ ಬಾಯಿ ಕಟ್ಟಿಹೋಗಿತ್ತು. ಬೇಲಿಯೇ ಎದ್ದು ಹೊಲ ಮೇಯ್ದರೆ ಪೈರು ಯಾರಿಗೆ ದೂರು ಹೇಳೀತು?

1982ರಲ್ಲಿ ಯುವಕನೊಬ್ಬ ಪ್ರಾಣ ಕಳೆದುಕೊಳ್ಳಲು ಯತ್ನಿಸಿದ ಮೇಲೆ ವಿಷಯ ಹೊರಬಿತ್ತು. ಮಾರ್ಕ್ ರಸ್ಟನ್ ಎಂಬ ಪಾದ್ರಿ ಹುಡುಗರನ್ನು ಮಾತನಾಡಿಸಿ ವರದಿ ಬರೆದರು. ಅಂದರೆ ಆ ವರ್ಷವೇ ಶಿಬಿರದ ಹಿರಿಯರಿಗೆ ಎಲ್ಲವೂ ತಿಳಿದಿತ್ತು. ಆದರೆ ವರದಿ ಕೆಲವರ ಕೈಗಳಲ್ಲೇ ಉಳಿಯಿತು, ಪೊಲೀಸರಿಗೆ ಹೋಗಲಿಲ್ಲ. ಸುದ್ದಿ ಹರಡಿದರೆ ದೇವರ ಕೆಲಸಕ್ಕೆ ಕುಂದು ಎಂದು ಶಿಬಿರದವರು ಅಂಜಿದರು. ಹೊರಗೆ ಬಂದರೆ ಮಗನಿಗೇ ತೊಂದರೆ ಎಂಬ ಭಾವನೆ ಕೆಲವು ಹೆತ್ತವರಲ್ಲಿಯೂ ಇತ್ತು. ಸ್ಮೈತ್‌ನನ್ನು ಶಿಬಿರದಿಂದ ದೂರವಿಟ್ಟರು. ಸಮಸ್ಯೆ ಮುಗಿಯಿತು ಎಂದುಕೊಂಡರು.

ಮುಗಿದಿರಲಿಲ್ಲ. 1984ರಲ್ಲಿ ಅವನು ಆಫ್ರಿಕಾದ ಜಿಂಬಾಬ್ವೆಗೆ ಹೋದನು. ಅಲ್ಲಿಯೂ ಹುಡುಗರ ಶಿಬಿರಗಳನ್ನು ಆರಂಭಿಸಿದನು, ಅಲ್ಲಿಯೂ ಹೊಡೆದನು. 1992ರ ಡಿಸೆಂಬರಿನಲ್ಲಿ, ಇದೇ ಹಬ್ಬದ ಮಾಸದಲ್ಲಿ, ಅವನ ಶಿಬಿರಕ್ಕೆ ಬಂದಿದ್ದ 16 ವರ್ಷದ ಹುಡುಗನ ಶವ ಈಜುಕೊಳದಲ್ಲಿ ಸಿಕ್ಕಿತು. ಮರುವರ್ಷ ಬುಲವಾಯೊ ನಗರದ ಪಾಲಕರ ದೂರಿನ ಮೇಲೆ ಡೇವಿಡ್ ಕೋಲ್ಟಾರ್ಟ್ ಎಂಬ ವಕೀಲರು ವಿಚಾರಣೆ ನಡೆಸಿ ವರದಿ ಕೊಟ್ಟರು. ಮೊಕದ್ದಮೆಯೂ ಹೂಡಲಾಯಿತು, ತೀರ್ಪಿಗೆ ಬರುವ ಮುಂಚೆಯೇ ಅದು ಬಿದ್ದುಹೋಯಿತು. ಸ್ಮೈತ್ ದಕ್ಷಿಣ ಆಫ್ರಿಕಾಕ್ಕೆ ಹೋದನು. 2017ರಲ್ಲಿ ಬ್ರಿಟನ್ನಿನ ದೂರದರ್ಶನ ವಾಹಿನಿಯೊಂದು ಎಲ್ಲವನ್ನೂ ಬಯಲಿಗೆಳೆಯಿತು. ಆದರೆ 2018ರಲ್ಲಿ ಅವನು ತೀರಿಕೊಂಡನು. ಅಷ್ಟು ಮಕ್ಕಳ ನೋವಿಗೆ ಯಾವ ನ್ಯಾಯಾಲಯದಲ್ಲಿಯೂ ಅವನಿಗೆ ಶಿಕ್ಷೆಯಾಗಲಿಲ್ಲ.

2024ರ ನವೆಂಬರಿನಲ್ಲಿ ಕೀತ್ ಮೇಕಿನ್ ಅವರ ಸ್ವತಂತ್ರ ಪರಿಶೀಲನಾ ವರದಿ ಪ್ರಕಟವಾಯಿತು. ಎರಡೂ ಖಂಡಗಳಲ್ಲಿ ಸೇರಿ ನೊಂದವರು 100ಕ್ಕೂ ಹೆಚ್ಚು. 2013ರಲ್ಲಿ ವಿಷಯ ಮತ್ತೆ ಬಂದಾಗಲೂ ಆಂಗ್ಲಿಕನ್ ಸಭೆಯ ಮುಖ್ಯಸ್ಥರು ಸರಿಯಾಗಿ ಬೆನ್ನುಹತ್ತಲಿಲ್ಲ ಎಂದು ವರದಿ ಹೇಳಿತು. ಕ್ಯಾಂಟರ್ಬರಿಯ ಮಹಾಧರ್ಮಾಧ್ಯಕ್ಷ ಜಸ್ಟಿನ್ ವೆಲ್ಬಿ ಅವರು ಕೆಲವೇ ದಿನಗಳಲ್ಲಿ ರಾಜೀನಾಮೆ ಘೋಷಿಸಿದರು.

ಇದು ಬೇರೆಯವರ ಕಥೆಯೇ?

ಇದು ಪರರ ಸಭೆಯ ವಿಷಯ ಎಂದು ಸಮಾಧಾನ ಪಡುವ ಹಕ್ಕು ನಮಗಿಲ್ಲ. ಕಥೋಲಿಕ ಧರ್ಮಸಭೆಯಲ್ಲಿಯೂ ದೂರು ಬಂದ ಗುರುಗಳನ್ನು ಒಂದು ಧರ್ಮಕೇಂದ್ರದಿಂದ ಇನ್ನೊಂದಕ್ಕೆ ವರ್ಗ ಮಾಡಿ ಸುಮ್ಮನಾದದ್ದುಂಟು. 2002ರಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ ಅದು ಬೆಳಕಿಗೆ ಬಂದಾಗ ಜಗತ್ತೇ ತಲ್ಲಣಿಸಿತು. 2019ರಲ್ಲಿ ಜಗದ್ಗುರು ಫ್ರಾನ್ಸಿಸರು ಹೊಸ ನಿಯಮ ತಂದರು: ಇಂತಹ ದೌರ್ಜನ್ಯದ ಸುಳಿವು ಸಿಕ್ಕ ಪ್ರತಿಯೊಬ್ಬ ಗುರು, ಸನ್ಯಾಸಿ, ಸನ್ಯಾಸಿನಿ ಅದನ್ನು ಮೇಲಿನವರಿಗೆ ತಿಳಿಸಲೇಬೇಕು. ದೂರು ಸ್ವೀಕರಿಸುವ ವ್ಯವಸ್ಥೆ ಪ್ರತಿ ಧರ್ಮಕ್ಷೇತ್ರದಲ್ಲಿಯೂ ಇರಬೇಕು. ಮುಚ್ಚಿಹಾಕಿದ ಧರ್ಮಾಧ್ಯಕ್ಷರೂ ಉತ್ತರ ಕೊಡಬೇಕು. 2023ರಲ್ಲಿ ಅವರು ಇದನ್ನು ಶಾಶ್ವತ ನಿಯಮವನ್ನಾಗಿ ಮಾಡಿದರು.

ಕಲಬುರಗಿ ಧರ್ಮಕ್ಷೇತ್ರ ಹುಟ್ಟಿದ್ದು 2005ರಲ್ಲಿ. ನಮ್ಮದು ಎಳೆಯ ಧರ್ಮಕ್ಷೇತ್ರ. ಗುರುಗಳು ಕಡಿಮೆ, ಊರುಗಳು ದೂರ. ಶಿಬಿರ ನಡೆಸಲು ಹೊರಗಿನ ಸ್ವಯಂಸೇವಕರನ್ನೂ ನೆಚ್ಚಿಕೊಳ್ಳುತ್ತೇವೆ. ಚೆನ್ನಾಗಿ ಹಾಡುತ್ತಾರೆ, ಮಕ್ಕಳನ್ನು ನಗಿಸುತ್ತಾರೆ ಎಂದು ಸಂತೋಷಪಡುತ್ತೇವೆ. ಹಿಂದೆ ಎಲ್ಲಿದ್ದರು, ಅಲ್ಲಿಂದ ಯಾಕೆ ಬಿಟ್ಟು ಬಂದರು ಎಂದು ಕೇಳಲು ನಾಚುತ್ತೇವೆ. ಜಿಂಬಾಬ್ವೆಯ ತಾಯಂದಿರಿಗೂ 1984ರಲ್ಲಿ ಈ ಪ್ರಶ್ನೆಗೆ ಉತ್ತರ ಹೇಳಬಲ್ಲವರು ಇಂಗ್ಲೆಂಡಿನಲ್ಲಿದ್ದರು. ಅವರು ಹೇಳಲಿಲ್ಲ. ಜೋಸೆಫರು ಮಗುವನ್ನು ಅಪಾಯದಿಂದ ದೂರ ಸಾಗಿಸಿದರು. ಇವರು ಅಪಾಯವನ್ನೇ ಬೇರೆಯವರ ಮಕ್ಕಳ ಬಳಿಗೆ ಸಾಗಗೊಟ್ಟರು.

ನಮ್ಮ ನಾಡಿನ ಕಾನೂನು

ನಮ್ಮ ದೇಶದಲ್ಲಿ ಪೋಕ್ಸೊ ಕಾಯ್ದೆ 2012ರ ನವೆಂಬರ್ 14ರಂದು, ಮಕ್ಕಳ ದಿನಾಚರಣೆಯಂದೇ ಜಾರಿಗೆ ಬಂದಿತು. 18 ವರ್ಷದೊಳಗಿನ ಗಂಡು ಹೆಣ್ಣು ಮಕ್ಕಳೆಲ್ಲರನ್ನೂ ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಕಾನೂನು ಇದು. ಕುಟುಂಬಗಳು ಇದರ ಕೆಲವು ಮಾತುಗಳನ್ನು ತಿಳಿದಿರಬೇಕು.

ಮೊದಲನೆಯದು, ವಿಷಯ ತಿಳಿದ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿದ್ದರೆ 6 ತಿಂಗಳವರೆಗೆ ಸೆರೆವಾಸ ಆಗಬಹುದು. ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಅಪರಾಧವನ್ನು ಮುಚ್ಚಿಟ್ಟರೆ 1 ವರ್ಷದವರೆಗೆ. ಧರ್ಮಕೇಂದ್ರದ ಗುರುಗಳಾದ ನಾವೂ ಇದಕ್ಕೆ ಹೊರತಲ್ಲ. ಎರಡನೆಯದು, ಧಾರ್ಮಿಕ ಅಥವಾ ಶಿಕ್ಷಣ ಸಂಸ್ಥೆಯ ಸಿಬ್ಬಂದಿಯೇ ಅಲ್ಲಿಯ ಮಗುವಿನ ಮೇಲೆ ಈ ಅಪರಾಧ ಎಸಗಿದರೆ ಅದು ಇನ್ನೂ ಗಂಭೀರ, ಶಿಕ್ಷೆಯೂ ಹೆಚ್ಚು. ಮೂರನೆಯದು, ಮಗುವನ್ನು ಠಾಣೆಗೆ ಎಳೆದಾಡಬೇಕಿಲ್ಲ. ಮನೆಯಲ್ಲಿ ಅಥವಾ ಮಗು ಬಯಸಿದ ಸ್ಥಳದಲ್ಲಿ, ಸಮವಸ್ತ್ರವಿಲ್ಲದ ಅಧಿಕಾರಿ, ಸಾಧ್ಯವಾದಷ್ಟೂ ಮಹಿಳಾ ಅಧಿಕಾರಿಯೇ, ಹೇಳಿಕೆ ಪಡೆಯಬೇಕು. ಪತ್ರಿಕೆಗಳು ಮಗುವಿನ ಹೆಸರು, ಮನೆ, ಶಾಲೆಯ ಗುರುತು ಕೊಡುವಂತಿಲ್ಲ. ಮಾನ ಹೋದೀತೆಂಬ ಭಯಕ್ಕೆ ಕಾನೂನೇ ಕೊಟ್ಟಿರುವ ಉತ್ತರ ಇದು.

ಸ್ಮೈತ್ ಮಾಡಿದಂತಹ ಹೊಡೆತ ಬಡಿತವೂ ನಮ್ಮಲ್ಲಿ ಅಪರಾಧವೇ. ಮಗುವಿನ ಹೊಣೆ ಹೊತ್ತವರು ಅದನ್ನು ಹಿಂಸಿಸಿದರೆ 2015ರ ಬಾಲನ್ಯಾಯ ಕಾಯ್ದೆ ಅವರನ್ನು ಶಿಕ್ಷಿಸುತ್ತದೆ.

ಶಿಬಿರಕ್ಕೆ ಕಳಿಸುವ ಮುನ್ನ

ಹಾಗಾದರೆ ಮಕ್ಕಳನ್ನು ಶಿಬಿರಕ್ಕೆ ಕಳಿಸುವುದೇ ಬೇಡವೇ? ಖಂಡಿತ ಕಳಿಸಬೇಕು. ಅಲ್ಲಿ ಅವರು ಗೆಳೆಯರನ್ನು ಪಡೆಯುತ್ತಾರೆ, ಪ್ರಾರ್ಥನೆ ಕಲಿಯುತ್ತಾರೆ. ಆದರೆ ಕೇಳಿ ತಿಳಿದು ಕಳಿಸಬೇಕು. ಮಕ್ಕಳ ಜೊತೆ ಇರುವ ದೊಡ್ಡವರು ಯಾರು ಯಾರು? ಅವರು ಹಿಂದೆ ಇದ್ದ ಕಡೆ ವಿಚಾರಿಸಿದ್ದೀರಾ? ಮಲಗುವ, ಸ್ನಾನದ ಸ್ಥಳ ದೊಡ್ಡವರಿಂದ ಪ್ರತ್ಯೇಕವಾಗಿದೆಯೇ? ಯಾರಾದರೂ ಮಗುವನ್ನು ಒಂಟಿಯಾಗಿ ಕೋಣೆಗೆ ಕರೆಯುವ ರೂಢಿ ಇದೆಯೇ? ಮಗು ಬಯಸಿದಾಗ ಮನೆಗೆ ಫೋನ್ ಮಾಡಬಹುದೇ? ಈ ಪ್ರಶ್ನೆಗಳಿಗೆ ಸಿಡುಕದೆ ಉತ್ತರಿಸುವುದು ನಮ್ಮ ಕರ್ತವ್ಯ.

ಮಗು ಏನಾದರೂ ಹೇಳಿದರೆ ಮೊದಲು ಪೂರ್ತಿ ಕೇಳಿ. "ಸುಳ್ಳು ಹೇಳಬೇಡ, ಅವರು ದೇವರಂಥವರು" ಎನ್ನಬೇಡಿ. ನೀನು ತಪ್ಪು ಮಾಡಿಲ್ಲ ಎಂದು ಧೈರ್ಯ ಹೇಳಿ. ಹತ್ತು ಜನರ ಮುಂದೆ ಮತ್ತೆ ಮತ್ತೆ ಹೇಳಿಸಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ಪೊಲೀಸರಿಗೆ ತಿಳಿಸಿ. ನಮಗೆ ಹೇಳುವುದು ಅದಕ್ಕೆ ಬದಲಿಯಲ್ಲ. ದೂರು ಬಂದ ಮಾತ್ರಕ್ಕೆ ಯಾರೂ ಅಪರಾಧಿಯಾಗುವುದಿಲ್ಲ, ಅದನ್ನು ತೀರ್ಮಾನಿಸುವುದು ನ್ಯಾಯಾಲಯ. ಆದರೆ ತನಿಖೆ ಮುಗಿಯುವವರೆಗೆ ಆ ವ್ಯಕ್ತಿ ಮಕ್ಕಳಿಂದ ದೂರವಿರಬೇಕು. ಬಿಟ್ಟು ಹೋದವನ ಮೇಲೆ ವರ್ಷಗಳ ನಂತರ ದೂರು ಬಂದರೂ ಅವನೀಗ ನಮ್ಮವನಲ್ಲ ಎಂದು ಕೈತೊಳೆದುಕೊಳ್ಳುವಂತಿಲ್ಲ. ಅವನೀಗ ಯಾವ ಮಕ್ಕಳ ನಡುವೆ ಇದ್ದಾನೋ ಅವರೂ ದೇವರ ಮಕ್ಕಳೇ.

ಅಂದು ಬಾಗಿಲ ಬಳಿ ನಿಂತಿದ್ದ ಆ ತಾಯಿಗೆ ಆಮೇಲೆ ನಾವು ಧನ್ಯವಾದ ಹೇಳಿದೆವು. ಶಿಬಿರದ ರಾತ್ರಿ ಕಾವಲಿನ ಪಟ್ಟಿ ಬರೆಯುವಾಗ ಮೊದಲ ಹೆಸರು ಅವರದೇ ಆಯಿತು. ಮುಗ್ಧ ಕಂದಮ್ಮಗಳೇ, ನಮ್ಮ ಮಕ್ಕಳಿಗಾಗಿ ಪ್ರಾರ್ಥಿಸಿರಿ. ಸಂತ ಜೋಸೆಫರೇ, ಎಚ್ಚರಿಕೆ ಕೇಳಿಸಿದ ರಾತ್ರಿಯೇ ಎದ್ದು ನಿಲ್ಲುವ ಮನಸ್ಸನ್ನು ನಮಗೆ ಕೊಡಿಸಿರಿ.