ಪಿಕಪ್‌ಗೆ ದೊಡ್ಡ ಗಾಲಿ: ಎರೆಭೂಮಿಯಲ್ಲಿ ಲೆಕ್ಕವೇ ಬೇರೆ

ರೋಣ: ಮುಂಗಾರಿನ ಹೆಸರು, ಅದರ ಬೆನ್ನಿಗೇ ಉಳ್ಳಾಗಡ್ಡಿ. ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡ ತಾಲ್ಲೂಕುಗಳ ಎರೆಹೊಲಗಳಿಂದ ಈ ಫಸಲು ಗದಗ, ಹುಬ್ಬಳ್ಳಿಯ ಮಾರುಕಟ್ಟೆಗಳಿಗೆ ಸಾಗಬೇಕಾದ ದಿನಗಳಲ್ಲೇ ಮಳೆಯೂ ಹಿಡಿದುಕೊಳ್ಳುವುದುಂಟು. ಹಿಂದೆ ಚಕ್ಕಡಿ ಮಾಡುತ್ತಿದ್ದ ಕೆಲಸದ ಬಹುಪಾಲನ್ನು ಇಂದು ಟ್ರ್ಯಾಕ್ಟರ್ ಮತ್ತು ಪಿಕಪ್ ವಾಹನಗಳು ಮಾಡುತ್ತಿವೆ. ಡಾಂಬರು ರಸ್ತೆ ಮುಗಿದು ಹೊಲದ ದಾರಿ ಆರಂಭವಾದೊಡನೆ ಪಿಕಪ್‌ನ ಹಿಂಗಾಲಿ ನಿಂತಲ್ಲೇ ತಿರುಗತೊಡಗುತ್ತದೆ. ನೆರೆಯವರ ಟ್ರ್ಯಾಕ್ಟರ್ ಕರೆಸಿ ಎಳೆಸಿಕೊಂಡ ಮಾಲೀಕನಿಗೆ ಮೊದಲು ಹೊಳೆಯುವ ಪರಿಹಾರವೆಂದರೆ, ಈಗಿರುವುದಕ್ಕಿಂತ ದೊಡ್ಡದಾದ, ಅಗಲವಾದ ಗಾಲಿ.

ನಗರಗಳಲ್ಲಿ ಈ ಆಸೆಗೆ ಕಾರಣ ಬೇರೆ. ಅಲ್ಲಿ ಇಸುಜು ವಿ-ಕ್ರಾಸ್, ಟೊಯೊಟಾ ಹೈಲಕ್ಸ್‌ನಂತಹ ಪಿಕಪ್‌ಗಳಿಗೆ ಹೊಳೆಯುವ ಅಲಾಯ್ ರಿಮ್, ಉಬ್ಬುಗೀರಿನ ಟೈರ್ ಹಾಕಿಸುವುದು ಅಂದದ ಮಾತು. ಕಾರಣ ಯಾವುದೇ ಇರಲಿ, ಎರಡೂ ಕಡೆ ಕೇಳಲೇಬೇಕಾದ ಪ್ರಶ್ನೆ ಒಂದೇ. ವಾಹನದ ಎತ್ತರವನ್ನು ಕಂಪನಿ ಕೊಟ್ಟಂತೆಯೇ ಉಳಿಸಿಕೊಂಡು ಗಾಲಿಯನ್ನು ಮಾತ್ರ ದೊಡ್ಡದು ಮಾಡಿದರೆ, ಆ ಹೆಚ್ಚಿನ ಗಾತ್ರಕ್ಕೆ ಜಾಗ ಎಲ್ಲಿಂದ ಬರಬೇಕು?

ಅಂಕಿಗಳು ಹೇಳುವುದೇನು?

ಟೈರಿನ ಪಕ್ಕದಲ್ಲಿ ಅಚ್ಚೊತ್ತಿದ ಅಂಕಿಗಳಲ್ಲಿಯೇ ಉತ್ತರದ ಅರ್ಧ ಭಾಗವಿದೆ. ಉದಾಹರಣೆಗೆ 215/75 ಆರ್ 15 ಎಂಬ ಗಾತ್ರವನ್ನು ತೆಗೆದುಕೊಳ್ಳಬಹುದು. 215 ಎಂಬುದು ಟೈರಿನ ಅಗಲ, ಮಿಲಿಮೀಟರ್‌ಗಳಲ್ಲಿ. ಆ ಅಗಲದ ಶೇ 75ರಷ್ಟು ಪಕ್ಕದ ಗೋಡೆಯ ಎತ್ತರ. 15 ಎಂಬುದು ರಿಮ್‌ನ ವ್ಯಾಸ, ಇಂಚುಗಳಲ್ಲಿ. ಗುಣಿಸಿ ಕೂಡಿದರೆ ಗಾಲಿಯ ಒಟ್ಟು ಎತ್ತರ ಸುಮಾರು 703 ಮಿ.ಮೀ. ಆಗುತ್ತದೆ. ಇದೇ ರಿಮ್‌ಗೆ 235/75 ಟೈರ್ ಹಾಕಿದರೆ ಎತ್ತರ 733 ಮಿ.ಮೀ., 265/75 ಹಾಕಿದರೆ 778 ಮಿ.ಮೀ.

ಮೂವತ್ತು ಮಿಲಿಮೀಟರ್ ಹೆಚ್ಚಾಯಿತೆಂದರೆ ವಾಹನವೂ ಮೂವತ್ತು ಮಿಲಿಮೀಟರ್ ಮೇಲೇಳುವುದಿಲ್ಲ. ಅಚ್ಚು ಗಾಲಿಯ ನಡುವಿನಲ್ಲಿರುವುದರಿಂದ ಅದರಲ್ಲಿ ಅರ್ಧ ಮಾತ್ರ, ಅಂದರೆ 15 ಮಿ.ಮೀ. ಅಷ್ಟೇ ಲಾಭ. ಉಳಿದರ್ಧ ಮೇಲ್ಗಡೆ, ಮಡ್‌ಗಾರ್ಡ್‌ನ ಕಡೆಗೆ ಏರಿ ಅಲ್ಲಿನ ಖಾಲಿ ಜಾಗವನ್ನು ತಿನ್ನುತ್ತದೆ. 265ರ ಟೈರಿನಲ್ಲಿ ಈ ಒತ್ತುವರಿ ಸುಮಾರು 37 ಮಿ.ಮೀ.

ರಿಮ್ ದೊಡ್ಡದು ಮಾಡಿ ಟೈರಿನ ಗೋಡೆಯನ್ನು ಗಿಡ್ಡ ಮಾಡುವುದು ಇನ್ನೊಂದು ದಾರಿ. 17 ಇಂಚಿನ ರಿಮ್‌ಗೆ 235/60 ಟೈರ್ ಹಾಕಿದರೆ ಒಟ್ಟು ಎತ್ತರ 714 ಮಿ.ಮೀ. ಆಸುಪಾಸಿನಲ್ಲೇ ನಿಲ್ಲುತ್ತದೆ. ಆದರೆ 161 ಮಿ.ಮೀ. ಇದ್ದ ಪಕ್ಕದ ಗೋಡೆ 141ಕ್ಕೆ ಇಳಿಯುತ್ತದೆ. ಗುಂಡಿಯ ಪೆಟ್ಟನ್ನು ನುಂಗುವುದು ಈ ಗೋಡೆಯ ರಬ್ಬರ್ ಮತ್ತು ಅದರೊಳಗಿನ ಗಾಳಿ. ಅದು ಕಡಿಮೆಯಾದಷ್ಟೂ ಪೆಟ್ಟು ನೇರವಾಗಿ ರಿಮ್‌ಗೆ ತಾಗುತ್ತದೆ. ಉಕ್ಕಿನ ರಿಮ್ ಬಾಗಿದರೆ ಬಡಿದು ಸರಿಪಡಿಸುವವರು ಸಿಕ್ಕಾರು. ಬಿರುಕುಬಿಟ್ಟ ಅಲಾಯ್ ರಿಮ್‌ಗೆ ಆ ಭಾಗ್ಯವಿಲ್ಲ. ಹಳ್ಳದ ದಾಟು, ಕಲ್ಲಿನ ಕಚ್ಚಾ ದಾರಿಗಳಲ್ಲಿ ಓಡಾಡುವ ಸರಕು ವಾಹನಕ್ಕೆ ಇದು ಒಲ್ಲದ ಅಲಂಕಾರ.

ಖಾಲಿ ವಾಹನವನ್ನು ನೋಡಿ ಅಳೆಯುವುದು

ಅಂಗಡಿಯ ಮುಂದೆ ಖಾಲಿ ನಿಂತ ಪಿಕಪ್‌ಗೆ ದೊಡ್ಡ ಗಾಲಿ ಕೂರಿಸಿದಾಗ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಟೈರ್ ಮತ್ತು ಮಡ್‌ಗಾರ್ಡ್ ನಡುವೆ ಅಂಗೈ ತೂರುವಷ್ಟು ಜಾಗವೂ ಇರುತ್ತದೆ. ಸಮಸ್ಯೆ ಹುಟ್ಟುವುದು ಇಲ್ಲಿಯೇ. ಸರಕು ಹೊರುವ ವಾಹನದ ಹಿಂಬದಿಯಲ್ಲಿರುವ ಪಟ್ಟಿ ಸ್ಪ್ರಿಂಗ್‌ಗಳು ಖಾಲಿ ಇದ್ದಾಗ ಬಿಲ್ಲಿನಂತೆ ಬಾಗಿರುತ್ತವೆ. ಉಳ್ಳಾಗಡ್ಡಿ ಚೀಲಗಳನ್ನು ಪೇರಿಸಿದಾಗ ಅವು ಚಪ್ಪಟೆಯಾಗುತ್ತವೆ, ಗುಂಡಿಗೆ ಬಿದ್ದಾಗ ಇನ್ನೂ ಒಳಕ್ಕೆ ಕುಸಿಯುತ್ತವೆ. ಅಂಗಡಿಯ ಮುಂದೆ ಕಂಡ ಆ ಜಾಗ ಆಗ ಬಹುಮಟ್ಟಿಗೆ ಮಾಯವಾಗಿರುತ್ತದೆ.

ಮುಂದಿನ ಗಾಲಿಯ ಕಥೆ ಇನ್ನೂ ಸೂಕ್ಷ್ಮ. ಸ್ಟೇರಿಂಗ್ ಪೂರ್ತಿ ತಿರುಗಿಸಿದಾಗ ಟೈರಿನ ಅಂಚು ಹಿಂದಕ್ಕೆ, ಒಳಕ್ಕೆ ಬೀಸಿ ಚಾಸಿಗೋ ಮಡ್‌ಗಾರ್ಡ್‌ನ ಒಳಪದರಕ್ಕೋ ಬ್ರೇಕ್ ಕೊಳವೆಗೋ ತಾಗಬಹುದು. ಇದನ್ನು ತಪ್ಪಿಸಲು ಗಾಲಿಯನ್ನು ಹೊರಕ್ಕೆ ತಳ್ಳುವ ರಿಮ್ ಅಥವಾ ಸ್ಪೇಸರ್ ಹಾಕಿಸುವವರಿದ್ದಾರೆ. ಆದರೆ ಗಾಲಿ ಹೊರಕ್ಕೆ ಬಂದಷ್ಟೂ ಹಬ್ ಮತ್ತು ಬೇರಿಂಗ್ ಮೇಲೆ ಸನ್ನೆಗೋಲಿನಂತೆ ಒತ್ತಡ ಹೆಚ್ಚುತ್ತದೆ, ಸ್ಟೇರಿಂಗ್ ಕೈಗೆ ಹೊಡೆಯುತ್ತದೆ, ಬೇರಿಂಗ್ ಬೇಗ ಸವೆಯುತ್ತದೆ. ಒಂದು ತಾಗುವಿಕೆಯನ್ನು ತಪ್ಪಿಸಲು ಇನ್ನೊಂದು ರೋಗವನ್ನು ಕೊಂಡುತಂದಂತೆ.

ಎರೆಭೂಮಿಯಲ್ಲಿ ಇದಕ್ಕೆ ಮತ್ತೊಂದು ತೊಡಕು ಸೇರುತ್ತದೆ. ಕಪ್ಪುಮಣ್ಣಿನಲ್ಲಿರುವ ಮಾಂಟ್ಮೊರಿಲೊನೈಟ್ ಎಂಬ ಜೇಡಿ ಖನಿಜ ನೀರು ಹೀರಿ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಕಾಲು ಸಿಕ್ಕಿಕೊಳ್ಳುವಷ್ಟು ಬಿರುಕು ಬಿಡುತ್ತದೆ. ಹಸಿಯಿದ್ದಾಗ ಅದು ಗಾಲಿಗೆ ಪದರ ಪದರವಾಗಿ ಮೆತ್ತಿಕೊಳ್ಳುತ್ತದೆ. ಮಡ್‌ಗಾರ್ಡ್ ಕೆಳಗೆ ಜಾಗ ಬಿಟ್ಟಿರುವುದು ಸ್ಪ್ರಿಂಗ್ ಕುಸಿಯಲೆಂದು. ಅದೇ ಜಾಗ ಹೀಗೆ ಅಂಟಿದ ಮಣ್ಣು ತಿರುಗಿ ಉದುರಲೂ ಬೇಕಾಗುತ್ತದೆ. ದೊಡ್ಡ ಟೈರ್ ಆ ಜಾಗವನ್ನು ಆಕ್ರಮಿಸಿಕೊಂಡಾಗ ಮಣ್ಣು ಒಳಗೇ ತುರುಕಿಕೊಂಡು ಬಿರಿಯಂತೆ ಗಾಲಿಯನ್ನು ಹಿಡಿಯುತ್ತದೆ. ಕೆಸರು ದಾಟಲೆಂದು ಹಾಕಿಸಿದ ಗಾಲಿ ಕೆಸರಿನಲ್ಲಿಯೇ ಮೊದಲು ಸಿಕ್ಕಿಬೀಳುವುದು ಹೀಗೆ.

ಅಗಲವಾದರೆ ಹೂಳುವುದಿಲ್ಲವೇ?

ಅಗಲ ಟೈರ್ ಮಣ್ಣಿನಲ್ಲಿ ಹೂಳುವುದಿಲ್ಲ ಎಂಬ ನಂಬಿಕೆ ವ್ಯಾಪಕವಾಗಿದೆ. ಅದು ಅರ್ಧ ಸತ್ಯ. ಟೈರ್ ನೆಲವನ್ನು ಒತ್ತುವ ಪ್ರಮಾಣ ಹೆಚ್ಚುಕಡಿಮೆ ಅದರೊಳಗಿನ ಗಾಳಿಯ ಒತ್ತಡಕ್ಕೆ ಸಮ. ಒಂದು ಗಾಲಿಯ ಮೇಲೆ 800 ಕಿಲೋ ತೂಕವಿದ್ದು, 60 ಪಿಎಸ್‌ಐ ಗಾಳಿ ತುಂಬಿದ್ದರೆ ನೆಲಕ್ಕೆ ತಾಗುವ ಭಾಗ ಸುಮಾರು 190 ಚದರ ಸೆಂಟಿಮೀಟರ್. ಟೈರನ್ನು ಅಗಲ ಮಾಡಿ ಅಷ್ಟೇ ಗಾಳಿ ತುಂಬಿದರೆ ಈ ತಾಗುವ ಭಾಗದ ಆಕಾರ ಬದಲಾಗುತ್ತದೆಯೇ ವಿನಾ ವಿಸ್ತಾರ ಅಷ್ಟಾಗಿ ಬದಲಾಗುವುದಿಲ್ಲ. ತೇಲಬೇಕೆಂದರೆ ಗಾಳಿ ಇಳಿಸಬೇಕು. ತೂಕ ಹೊತ್ತ ವಾಹನದಲ್ಲಿ ಗಾಳಿ ಇಳಿಸಿಕೊಂಡು ಡಾಂಬರು ರಸ್ತೆಗೆ ಬಂದರೆ ಟೈರ್ ಕಾದು ಸಿಡಿಯುವ ಅಪಾಯವಿದೆ.

ಖಾಲಿ ಪಿಕಪ್ ಸಿಕ್ಕಿಬೀಳುವುದಕ್ಕೆ ಕಾರಣ ಬೇರೆಯೇ ಇದೆ. ಸರಕು ಪಿಕಪ್‌ಗಳಲ್ಲಿ ಬಹುತೇಕ ಹಿಂಗಾಲಿಗಳಿಗೆ ಮಾತ್ರ ಎಂಜಿನ್ನಿನ ಬಲ ಹೋಗುತ್ತದೆ. ಖಾಲಿ ಇದ್ದಾಗ ಎಂಜಿನ್ನಿನ ಭಾರವೆಲ್ಲ ಮುಂದೆ, ಹಿಂಬದಿ ಹಗುರ. ಎಳೆಯಬೇಕಾದ ಗಾಲಿಯ ಮೇಲೆ ತೂಕವಿಲ್ಲದೆ ಅದು ಜಾರುತ್ತದೆ. ಗಾಲಿ ಎಷ್ಟೇ ದೊಡ್ಡದಿದ್ದರೂ ಈ ಕೊರತೆ ನೀಗುವುದಿಲ್ಲ. ಹಿಂದೆ ನಾಲ್ಕು ಚೀಲ ಹೇರಿದರೆ ನೀಗಬಹುದು. ಇನ್ನು ಟೈರಿನ ಗೀರುಗಳು ಆಳವಾಗಿ, ಒಂದಕ್ಕೊಂದು ದೂರವಾಗಿದ್ದರೆ ಮಣ್ಣು ಉದುರಲು ಅವಕಾಶವಾಗುತ್ತದೆ. ಕಂಪನಿ ಸೂಚಿಸಿದ ಗಾತ್ರದಲ್ಲಿಯೇ ಇಂತಹ ಗೀರಿನ ಟೈರ್ ಸಿಗುವಾಗ ಹಣ ಹಾಕಬೇಕಾದದ್ದು ಅದರ ಮೇಲೆ. ಡಾಂಬರಿನ ಮೇಲೆ ಅದು ಸದ್ದು ಮಾಡುತ್ತದೆ, ಇಂಧನವನ್ನೂ ಒಂದಿಷ್ಟು ಹೆಚ್ಚು ಕೇಳುತ್ತದೆ ಎಂಬುದನ್ನು ಮಾತ್ರ ಒಪ್ಪಿಕೊಳ್ಳಬೇಕು.

ಬಲ, ಬ್ರೇಕ್ ಮತ್ತು ಭಾರ

ಗಾಲಿಯ ವ್ಯಾಸ ಹೆಚ್ಚಿದಂತೆ ಎಂಜಿನ್ ನೆಲಕ್ಕೆ ಕೊಡುವ ತಳ್ಳುಬಲ ಅದೇ ಪ್ರಮಾಣದಲ್ಲಿ ಕುಗ್ಗುತ್ತದೆ. 703ರಿಂದ 778 ಮಿ.ಮೀ.ಗೆ ಏರಿಸಿದರೆ ವ್ಯಾಸ ಶೇ 10.7ರಷ್ಟು ಹೆಚ್ಚಿ, ಪ್ರತಿ ಗೇರಿನಲ್ಲೂ ಎಳೆಯುವ ಶಕ್ತಿ ಶೇ 9.6ರಷ್ಟು ಇಳಿಯುತ್ತದೆ. ಗಜೇಂದ್ರಗಡದ ಗುಡ್ಡದ ಏರಿನಲ್ಲಿ ಪೂರ್ಣ ಭಾರದೊಂದಿಗೆ ಹೊರಟ ಚಾಲಕ ಇದನ್ನು ಕ್ಲಚ್‌ನ ವಾಸನೆಯಲ್ಲಿಯೇ ತಿಳಿಯುತ್ತಾನೆ. ಬ್ರೇಕಿಗೂ ಇದೇ ನಿಯಮ ಅನ್ವಯಿಸುತ್ತದೆ: ಅದೇ ಪೆಡಲ್ ಒತ್ತಡಕ್ಕೆ ನಿಲ್ಲಿಸುವ ಬಲ ಕಡಿಮೆ. ಸ್ಪೀಡೋಮೀಟರ್ 60 ತೋರಿಸುವಾಗ ವಾಹನ ಹಳೆಯ ಗಾಲಿಗೆ ಹೋಲಿಸಿದರೆ 66 ಕಿ.ಮೀ. ವೇಗದಲ್ಲಿ ಓಡುತ್ತಿರುತ್ತದೆ. ಓಡೋಮೀಟರ್ ಸಹ ಕಡಿಮೆ ಎಣಿಸುವುದರಿಂದ ಆಯಿಲ್ ಬದಲಿಸುವ ಅಂತರವೂ ತಪ್ಪುತ್ತದೆ.

ಇವೆಲ್ಲಕ್ಕಿಂತ ಗಂಭೀರವಾದುದು ಭಾರದ ಸಂಖ್ಯೆ. ಗಾತ್ರದ ಪಕ್ಕದಲ್ಲಿ 100, 105, 108 ಎಂಬಂತಹ ಅಂಕಿ ಇರುತ್ತದೆ. ಅದು ಕಿಲೋ ಅಲ್ಲ, ಸಂಕೇತ. 100 ಎಂದರೆ 800 ಕಿಲೋ, 105 ಎಂದರೆ 925, 108 ಎಂದರೆ 1000 ಕಿಲೋ. ಹಿಂದಿನ ಅಚ್ಚಿನ ಮೇಲೆ ಎರಡು ಟನ್ ಬಿದ್ದರೆ ಒಂದೊಂದು ಗಾಲಿ 1000 ಕಿಲೋ ಹೊರಬೇಕು. ಅಂದಕ್ಕೆಂದು ಮಾರುವ ಅಗಲ ಟೈರ್‌ಗಳಲ್ಲಿ ಅನೇಕವು ಪ್ರಯಾಣಿಕ ವಾಹನಗಳಿಗಾಗಿ ತಯಾರಾದವು. ನೋಟಕ್ಕೆ ದಪ್ಪವಿದ್ದರೂ ಅವುಗಳ ಹೊರುವ ಶಕ್ತಿ ಸರಕು ವಾಹನದ ಮೂಲ ಟೈರಿಗಿಂತ ಕಡಿಮೆ ಇರಬಹುದು. ಗಾತ್ರದ ಜೊತೆ ಎಲ್‌ಟಿ ಎಂಬ ಅಕ್ಷರಗಳಿದ್ದರೆ ಅದು ಲಘು ಸರಕು ವಾಹನದ ಟೈರ್. ಹೊಸ ಟೈರಿನ ಭಾರದ ಸಂಖ್ಯೆ, ಪ್ಲೈ ರೇಟಿಂಗ್ ಹಳೆಯದಕ್ಕಿಂತ ಒಂದಂಕಿ ಕೆಳಗಿದ್ದರೂ ಅದನ್ನು ಒಲ್ಲೆನೆನ್ನುವುದೇ ಸರಿ. ರಿಮ್‌ಗೂ ಪ್ರತ್ಯೇಕ ಭಾರಮಿತಿಯಿದೆ. ಅಲಾಯ್ ಕೊಳ್ಳುವಾಗ ಅದನ್ನು ಕೇಳುವವರು ವಿರಳ.

ಆರ್‌ಸಿಯೊಳಗಿನ ಟೈರ್

ಸರಕು ವಾಹನದ ಮಾಲೀಕರು ಮರೆಯುವ ಸಂಗತಿಯೊಂದಿದೆ. ಸಾರಿಗೆ ವಾಹನಗಳ ನೋಂದಣಿಯಲ್ಲಿ ತಯಾರಕರು ಘೋಷಿಸಿದ ಟೈರ್‌ಗಳ ಸಂಖ್ಯೆ, ಗಾತ್ರ ಮತ್ತು ಪ್ಲೈ ರೇಟಿಂಗ್ ಕೂಡ ದಾಖಲಾಗುತ್ತವೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನ ಪ್ರಕಾರ ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ನಿರ್ದಿಷ್ಟಪಡಿಸಿದ್ದಕ್ಕಿಂತ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಕೇರಳದ ಪ್ರಕರಣವೊಂದರಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಈ ನಿಲುವನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೇರಿದ 182ಎ ಕಲಮು, ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಸೆರೆವಾಸ ಅಥವಾ ಎರಡನ್ನೂ ವಿಧಿಸಲು ಅವಕಾಶ ನೀಡಿದೆ. ಸರಕು ವಾಹನ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆ ಬಳಿಕ ವರ್ಷಕ್ಕೊಮ್ಮೆ ಎಫ್‌ಸಿಗೆ ಹೋಗಲೇಬೇಕಾದುದರಿಂದ ಈ ವ್ಯತ್ಯಾಸ ಬಹುಕಾಲ ಅಡಗಿರದು. ಅಪಘಾತವಾದಾಗ ವಿಮಾ ಕಂಪನಿ ತಕರಾರು ತೆಗೆಯಲು ಸಹ ಇದೊಂದು ಸುಲಭದ ಎಳೆ.

ಹಾಗೆಂದು ಆಯ್ಕೆಯೇ ಇಲ್ಲವೆಂದಲ್ಲ. ಒಂದೇ ಮಾದರಿಯ ಪಿಕಪ್‌ಗೆ ಕಂಪನಿಯೇ ಬೇರೆ ಬೇರೆ ಆವೃತ್ತಿಗಳಲ್ಲಿ ಬೇರೆ ಗಾತ್ರದ ಟೈರ್ ಕೊಡುವುದುಂಟು. ವಾಹನದ ಕೈಪಿಡಿಯಲ್ಲಿ, ಚಾಲಕನ ಬಾಗಿಲ ಬಳಿಯ ಚೀಟಿಯಲ್ಲಿ ತನ್ನ ಆವೃತ್ತಿಗೆ ಒಪ್ಪಿತವಾದ ಗಾತ್ರ ಯಾವುದೆಂದು ನೋಡಿಕೊಳ್ಳಬಹುದು. ಆರ್‌ಸಿಗೆ ಹೊಂದದ ಗಾತ್ರವಾದರೆ ಕೊಳ್ಳುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ಕೇಳಬೇಕು. ರಿಮ್ ಬದಲಿಸುವುದಾದರೆ ಬೋಲ್ಟ್ ರಂಧ್ರಗಳ ವೃತ್ತ, ನಡುವಿನ ರಂಧ್ರ ಎರಡೂ ಹಬ್‌ಗೆ ಬಿಗಿಯಾಗಿ ಕೂರಬೇಕು. ಬೋಲ್ಟ್ ಬಿಗಿದರೆ ಸಾಕೆಂಬ ಮಾತನ್ನು ನಂಬಲಾಗದು. ಟೈರಿನ ಮೇಲೆ ಐಎಸ್‌ಐ ಗುರುತು ಮತ್ತು ತಯಾರಿಕೆಯ ನಾಲ್ಕು ಅಂಕಿ ಇರುತ್ತವೆ. ಮೊದಲೆರಡು ವಾರವನ್ನು, ಕೊನೆಯೆರಡು ವರ್ಷವನ್ನು ಹೇಳುತ್ತವೆ. 1224 ಎಂದರೆ 2024ರ ಹನ್ನೆರಡನೇ ವಾರ.

ಗಾಲಿ ಕೂರಿಸಿದ ಬಳಿಕ ಪರೀಕ್ಷೆ ಅಂಗಡಿಯ ಮುಂದೆ ಮುಗಿಯಕೂಡದು. ಅನುಮತಿಸಿದ ಪೂರ್ಣ ಭಾರ ಹೇರಿ, ಒಂದು ಗಾಲಿ ದಿಣ್ಣೆಯ ಮೇಲೆ, ಇನ್ನೊಂದು ತಗ್ಗಿನಲ್ಲಿ ಇರುವಂತೆ ನಿಲ್ಲಿಸಿ, ಸ್ಟೇರಿಂಗನ್ನು ಎರಡೂ ಕಡೆಗೆ ಪೂರ್ತಿ ತಿರುಗಿಸಿ ನೋಡಬೇಕು. ಟೈರಿನ ಅಂಚಿನಲ್ಲಿ ಹೊಳೆಯುವ ಗೀರು ಕಂಡರೆ ಅದು ಎಲ್ಲೋ ತಾಗುತ್ತಿದೆ ಎಂದೇ ಅರ್ಥ. ಸ್ಟೆಪ್ನಿಯೂ ಅದೇ ಗಾತ್ರದ್ದಾಗಿರಬೇಕು. ನಾಲ್ಕು ಗಾಲಿ ಬದಲಿಸಿ ಐದನೆಯದನ್ನು ಹಳೆಯದೇ ಉಳಿಸಿಕೊಂಡವರು ಪಂಕ್ಚರ್ ಆದ ದಿನ ಹಿಂದಿನ ಅಚ್ಚಿಗೆ ಎರಡು ಎತ್ತರದ ಗಾಲಿ ಹಾಕಿಕೊಂಡು ಹೊರಡಬೇಕಾಗುತ್ತದೆ. ಆಗ ನೇರ ರಸ್ತೆಯಲ್ಲೂ ಡಿಫರೆನ್ಷಿಯಲ್ ಒಳಗಿನ ಹಲ್ಲುಗಳು ಬಿಡುವಿಲ್ಲದೆ ತಿರುಗಿ, ಅಲ್ಲಿನ ಆಯಿಲ್ ಕಾಯುತ್ತದೆ.