ಕೋಲಿನ ತುದಿಗೆ ಅಂಟಿದ ಸಿಂಧೂರ!

ಒಬ್ಬ ಕುರಿಗಾಹಿ. ಎದುರಿಗೆ ಕಡಿದಾದ ಬಂಡೆ. ಬಂಡೆಯ ಪೊಟರೆಯಲ್ಲಿ ದೊಡ್ಡದೊಂದು ಜೇನುಗೂಡು. ಬಿಟ್ಟಾನೆಯೇ? ಕೋಲು ತೂರಿಸಿ ತಿವಿದ. ಕೋಲು ಹೊರಗೆ ಬಂತು. ತುದಿಗೆ ಅಂಟಿದ್ದೇನು ಹೇಳಿ?

ಜೇನು ಅಂದಿರಾ? ತಪ್ಪು!

ಸಿಂಧೂರ! ಕೆಂಪಗೆ, ಹಸಿಯಾಗಿ, ಈಗಷ್ಟೇ ಯಾರೋ ಬಳಿದಂತೆ! ಗಾಬರಿಯಾದವನು ಗೂಡನ್ನೇ ಕಿತ್ತು ನೋಡಿದ. ಒಳಗೆ ನಿಂತಿದ್ದಳು ತಾಯಿ.

ಸಪ್ತಶೃಂಗಿ ದೇವಿ ಜನರ ಕಣ್ಣಿಗೆ ಬಿದ್ದದ್ದು ಹೀಗೆ ಎನ್ನುತ್ತದೆ ಅಲ್ಲಿಯ ಐತಿಹ್ಯ. ಎಲ್ಲಿ? ನಾಸಿಕದಿಂದ ಸುಮಾರು 60 ಕಿಲೋಮೀಟರ್, ಕಳವಣ ತಾಲೂಕಿನಲ್ಲಿ. ನಮ್ಮ ಕಡೆಯ ಪ್ಯಾಕೇಜ್ ಟೂರಿನವರು ಶಿರಡಿ, ತ್ರ್ಯಂಬಕೇಶ್ವರ, ವೇರೂಳದ ಘೃಷ್ಣೇಶ್ವರ ಅಂತ ಓಡಿಸಿಕೊಂಡು ಹೋಗಿ ವಾಪಸು ಬಸ್ ಹತ್ತಿಸುತ್ತಾರೆ. ಅಯ್ಯೋ, ಎಂಥದ್ದನ್ನು ಬಿಟ್ಟು ಬರುತ್ತೀರಿ ಗೊತ್ತೇ?

ಮೊದಲು ಒಂದು ಲೆಕ್ಕ. ಮಹಾರಾಷ್ಟ್ರದಲ್ಲಿ ಶಕ್ತಿಪೀಠಗಳು ಎಷ್ಟು? ಮೂರೂವರೆ! ಹೌದು, ಮೂರೂವರೆ. ಕೊಲ್ಲಾಪುರದ ಮಹಾಲಕ್ಷ್ಮಿ ಒಂದು, ತುಳಜಾಪುರದ ಭವಾನಿ ಎರಡು, ಮಾಹೂರಿನ ರೇಣುಕೆ ಮೂರು. ಉಳಿದ ಅರ್ಧವೇ ಇವಳು. ಓಂಕಾರಕ್ಕೆ ಅ, ಉ, ಮ ಎಂಬ ಮೂರು ಮಾತ್ರೆಗಳಾದ ಮೇಲೂ ಅರ್ಧ ಮಾತ್ರೆ ಉಳಿಯುತ್ತದಲ್ಲ, ಆ ಅರ್ಧ! ಮಾತಿಗೆ ಸಿಗದ, ಗುಂಯ್ ಎನ್ನುತ್ತ ಉಳಿದುಬಿಡುವ ಭಾಗ. ಇದನ್ನು ಕಡಿಮೆ ಅನ್ನುವವರು ಅನ್ನಲಿ, ನನಗಂತೂ ಇದೇ ಹೆಚ್ಚು.

ಈಗ ಮೇಲೆ ಹತ್ತಿ. 500ರ ಆಸುಪಾಸು ಮೆಟ್ಟಿಲು. ಮಂಡಿನೋವೇ? 2018ರಿಂದ ಹಳಿಯ ಮೇಲೆ ಏರುವ ಟ್ರಾಲಿಯೂ ಇದೆ. ಸುತ್ತ ಏಳು ಶಿಖರ. ಸಪ್ತಶೃಂಗ ಎಂಬ ಹೆಸರು ಬಂದದ್ದೇ ಅದರಿಂದ.

ಗರ್ಭಗುಡಿಗೆ ಹಿಂದುಗಡೆ ಗೋಡೆ ಎಲ್ಲಿ? ಇಲ್ಲ! ಬೆಟ್ಟವೇ ಗೋಡೆ. ಆ ಬಂಡೆಯಲ್ಲೇ ಮೂಡಿದ್ದಾಳೆ ದೇವಿ. ಎತ್ತರ ಸುಮಾರು 8 ಅಡಿ! ಸೀರೆ ಎಷ್ಟು ಬೇಕು? 11 ವಾರ! ಕುಪ್ಪಸಕ್ಕೆ ಖಣ? ಒಂದಲ್ಲ, ಮೂರು!

ಕೈಗಳನ್ನು ಎಣಿಸಿ. ನಮ್ಮ ಚಾಮುಂಡಿಗೆ ಎಂಟು. ಇವಳಿಗೆ ಹದಿನೆಂಟು! ದಕ್ಷಯಜ್ಞದ ಬಳಿಕ ಸತಿಯ ಬಲಗೈ ಬಿದ್ದ ಜಾಗ ಇದು ಎಂದೂ ಹೇಳುತ್ತಾರೆ. ಬಿದ್ದದ್ದು ಒಂದು ಕೈ, ಎದ್ದದ್ದು ಹದಿನೆಂಟು!

ಆ ಕೈಗಳಿಗೆಲ್ಲ ಆಯುಧ ಕೊಟ್ಟವರು ಯಾರು? ದೇವತೆಗಳೇ. ಶಿವ ತ್ರಿಶೂಲ ಕೊಟ್ಟ. ವಿಷ್ಣು ಚಕ್ರ, ಇಂದ್ರ ವಜ್ರ, ವರುಣ ಶಂಖ, ಯಮ ದಂಡ. ಸರಿ, ಕುಬೇರ? ದುಡ್ಡು ಅಂದುಕೊಂಡಿರಾ? ಎಂದೂ ಬರಿದಾಗದ ಮದ್ಯದ ಬಟ್ಟಲು! ದೇವೀಮಹಾತ್ಮೆಯಲ್ಲೇ ಇದೆ, ನನ್ನ ಮೇಲೆ ಸಿಟ್ಟಾಗಬೇಡಿ.

ಇಷ್ಟೆಲ್ಲ ಸಿದ್ಧತೆ ಯಾರ ಮೇಲೆ? ನಮ್ಮವನ ಮೇಲೆ! ಮೈಸೂರಿಗೆ ಹೆಸರು ಕೊಟ್ಟ ಮಹಿಷಾಸುರನ ಮೇಲೆ! ಅವನನ್ನು ಕೊಂದದ್ದು ಚಾಮುಂಡಿ ಬೆಟ್ಟದಲ್ಲಿ ಎಂದು ನಾವು ನಂಬಿದ್ದೇವೆ. ಇಲ್ಲೇ ಎಂದು ಇವರು ನಂಬಿದ್ದಾರೆ. ಚಾಮುಂಡಿ ಬೆಟ್ಟದಲ್ಲಿ ಅವನು ಮೀಸೆ ಹುರಿಮಾಡಿ, ಕತ್ತಿ-ಹಾವು ಹಿಡಿದು ಠೀವಿಯಿಂದ ನಿಂತಿದ್ದಾನೆ. ಇಲ್ಲಿ ಉಳಿದಿರುವುದು ಕೋಣದ ಕಲ್ಲಿನ ತಲೆ ಮಾತ್ರ, ಮೆಟ್ಟಿಲ ಬುಡದಲ್ಲಿ. ಅದಕ್ಕೂ ಪೂಜೆ ಉಂಟು!

ದೇವಿಯ ಕತ್ತನ್ನು ಗಮನಿಸಿ. ತುಸು ವಾಲಿದೆ. ಶಿಲ್ಪಿ ಎಡವಿದನೇ? ಛೆ! ಎದುರಿಗೆ ಕಾಣುವ ಬೆಟ್ಟ ಮಾರ್ಕಂಡೇಯ ಋಷಿಯದು. ಆತ ಅಲ್ಲಿ ಕೂತು 700 ಶ್ಲೋಕಗಳ ಸಪ್ತಶತಿ ಹೇಳುತ್ತಿದ್ದನಂತೆ. ಕಣಿವೆಯ ಆಚೆಯ ಧ್ವನಿ ಕೇಳಬೇಕಲ್ಲ? ಕಿವಿ ಕೊಟ್ಟಿದ್ದಾಳೆ! ಹದಿನೆಂಟು ಆಯುಧ ಹಿಡಿದವಳು, ಹಜಾರದಲ್ಲಿ ಪುರಾಣ ಕೇಳುವ ಅಜ್ಜಿಯಂತೆ ತಲೆ ವಾಲಿಸಿ ನಿಂತಿದ್ದಾಳೆ!

ಇನ್ನೊಂದು ಕೇಳಿ. ಗುಡಿಯ ನೆತ್ತಿಯ ಮೇಲಿನ ಶಿಖರಕ್ಕೆ ದಾರಿಯೇ ಇಲ್ಲ. ನೆಟ್ಟಗೆ ನಿಂತ ಕಲ್ಲು. ಆದರೂ ವರ್ಷಕ್ಕೆ ಎರಡು ಸಲ, ಚೈತ್ರದಲ್ಲಿ ಮತ್ತು ನವರಾತ್ರಿಯಲ್ಲಿ, ಅದರ ತುದಿಗೆ ಧ್ವಜ ಏರುತ್ತದೆ! ಏರಿಸುವವರು ದರೇಗಾಂವದ ಗವಳಿ ಮನೆತನದವರು. ಅದೂ ಯಾವಾಗ? ನಡುರಾತ್ರಿ! ಕಾಲಿಡುವ ಜಾಗ ಆ ಮನೆತನಕ್ಕಷ್ಟೇ ಗೊತ್ತು ಎನ್ನುತ್ತಾರೆ ಊರವರು. ಬೆಳಗಾಗೆದ್ದು ತಲೆ ಎತ್ತಿದರೆ ಬಟ್ಟೆ ಪಟಪಟ ಹಾರುತ್ತಿರುತ್ತದೆ. ದಾರಿ ಮಾತ್ರ ಎಲ್ಲೂ ಕಾಣದು!

ಮತ್ತೆ ಸಿಂಧೂರಕ್ಕೆ ಬರೋಣ. ಅದನ್ನು ಮರೆತಿಲ್ಲ ತಾನೆ?

ತಲೆತಲಾಂತರದಿಂದ ಬಳಿಯುತ್ತಲೇ ಬಂದರು. ಪದರದ ಮೇಲೆ ಪದರ. ದೇವಿ ದಪ್ಪಗಾಗುತ್ತ ಹೋದಳು. ಕಣ್ಣು-ಮೂಗಿನ ಅಂಚುಗಳೇ ಮರೆಯಾದವು. ಕೊನೆಗೆ 2022ರ ಮಳೆಗಾಲದಲ್ಲಿ ದರ್ಶನ ನಿಲ್ಲಿಸಿ, ಮೂರ್ತಿಗೆ ಪೆಟ್ಟಾಗದಂತೆ ಆ ಪದರಗಳನ್ನು ಬಿಡಿಸಿದರು.

ಎಷ್ಟು ಬಂತು, ಊಹಿಸಿ. 10 ಕಿಲೋ? 50? ಹೋಗಲಿ, 100?

ಸಾವಿರ ಕಿಲೋಗೂ ಮಿಕ್ಕಿ! ಒಂದು ಟನ್ನಿಗಿಂತ ಹೆಚ್ಚು ಸಿಂಧೂರವನ್ನು ಮೈಮೇಲೆ ಹೊತ್ತು ನಿಂತಿದ್ದಳು ತಾಯಿ!

ಅದರಡಿಯಿಂದ ಹೊರಬಂತು ಕಲ್ಲಿನ ಮೂಲ ರೂಪ. ಆ ವರ್ಷದ ನವರಾತ್ರಿಗೆ ಬಾಗಿಲು ತೆರೆದಾಗ ಸರದಿಯಲ್ಲಿ ನಿಂತವರು ಕಂಡದ್ದು, ಅವರ ಅಜ್ಜ-ಅಜ್ಜಿಯರೂ ಕಾಣದಿದ್ದ ಮುಖ!