ಮಿದುಳಿನ ಸರ್ಕಿಟ್‌ಗೆ ಕನ್ನ ಹಾಕುವ ಗಡ್ಡೆ

ಮಿದುಳು ಎಂದರೆ ನ್ಯೂರಾನ್‌ಗಳು ಎಂದಷ್ಟೇ ಪಿಯುಸಿಯಲ್ಲಿ ಓದಿ ಮುಂದೆ ಬಂದವರು ನಾವು. ಅವುಗಳ ಪಕ್ಕದಲ್ಲೇ ನಕ್ಷತ್ರದ ಆಕಾರದ ಇನ್ನೊಂದು ಬಗೆಯ ಜೀವಕೋಶಗಳಿವೆ. ಅವೇ ಆಸ್ಟ್ರೋಸೈಟ್‌ಗಳು. ಒಂದು ನ್ಯೂರಾನ್ ಇನ್ನೊಂದಕ್ಕೆ ಸಂದೇಶ ಕಳಿಸುವಾಗ ನಡುವಿನ ಸಂದಿಗೆ ಗ್ಲುಟಮೇಟ್ ಎಂಬ ರಾಸಾಯನಿಕ ಬಿಡುಗಡೆಯಾಗುತ್ತದೆ. ಕೆಲಸ ಮುಗಿದ ಮೇಲೆ ಉಳಿದ ಗ್ಲುಟಮೇಟನ್ನು ಹೀರಿಕೊಂಡು ಜಾಗ ಶುಚಿ ಮಾಡುವುದು ಆಸ್ಟ್ರೋಸೈಟ್. ಎಲೆಕ್ಟ್ರಾನಿಕ್ಸ್ ಓದುವ ನನ್ನ ಕಣ್ಣಿಗೆ ಇದು ಹಳೆಯ ಸಿಗ್ನಲ್ ಅಳಿಸಿ ಹೊಸದಕ್ಕೆ ದಾರಿ ಮಾಡುವ ವ್ಯವಸ್ಥೆ.

ಗ್ಲಿಯೊಬ್ಲಾಸ್ಟೋಮಾ ಎಂಬ ಉಗ್ರ ಮಿದುಳಿನ ಕ್ಯಾನ್ಸರ್ ಬಂದಾಗ ಈ ವ್ಯವಸ್ಥೆಯೇ ತಿರುಗಿಬೀಳುತ್ತದೆ. ಅದರ ಕೋಶಗಳು ನೋಡಲು ಆಸ್ಟ್ರೋಸೈಟ್‌ಗಳನ್ನೇ ಹೋಲುತ್ತವೆ. ಆದರೆ ಗ್ಲುಟಮೇಟನ್ನು ಹೀರುವ ಬದಲು ಹೊರಕ್ಕೆ ಸುರಿಯುತ್ತವೆ. ಸುತ್ತಲಿನ ನ್ಯೂರಾನ್‌ಗಳು ಅತಿಯಾಗಿ ಕೆರಳುತ್ತವೆ, ಕೆಲವು ಸಾಯುತ್ತವೆ. ಈ ರೋಗಿಗಳಲ್ಲಿ ಅನೇಕರಿಗೆ ಫಿಟ್ಸ್ ಬರಲು ಇದೂ ಒಂದು ಕಾರಣ.

2019ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಸಂಶೋಧನೆಗಳು ಇನ್ನೂ ಬೆಚ್ಚಿಬೀಳಿಸುವ ಸಂಗತಿ ಹೇಳಿದವು. ನ್ಯೂರಾನ್‌ಗಳು ಕ್ಯಾನ್ಸರ್ ಕೋಶಗಳ ಜೊತೆಗೂ ನೇರ ಸಂಪರ್ಕ ಬೆಸೆಯುತ್ತವೆ! ನಾವು ಯೋಚಿಸಲು, ನಡೆಯಲು ಬಳಸುವ ಗ್ಲುಟಮೇಟ್ ಸಂದೇಶವೇ ಗಡ್ಡೆ ಬೆಳೆಯಲು, ಹರಡಲು ಪ್ರಚೋದನೆಯಾಗುತ್ತದೆ. ನಮ್ಮ ಭಂಡಿಗಡಿ ಕಡೆ ಮಾವಿನ ಮರಕ್ಕೆ ಹತ್ತುವ ಬಂದಳಿಕೆ ಹೀಗೆಯೇ. ಅದು ಕೊಂಬೆಯ ಮೇಲೆ ಸುಮ್ಮನೆ ಕೂರುವುದಿಲ್ಲ, ಬೇರನ್ನು ಒಳಕ್ಕೆ ಇಳಿಸಿ ಮರದ ನೀರನ್ನೇ ಕುಡಿಯುತ್ತದೆ. ಈ ದಿಕ್ಕಿನ ಸಂಶೋಧನೆಗೆ ಸ್ಟ್ಯಾನ್‌ಫರ್ಡ್‌ನ ಮಿಶೆಲ್ ಮಾಂಜಿ ಮತ್ತು ಹೈಡೆಲ್‌ಬರ್ಗ್‌ನ ಫ್ರಾಂಕ್ ವಿಂಕ್ಲರ್ ಅವರಿಗೆ 2025ರ ‘ಬ್ರೇನ್ ಪ್ರೈಜ್’ ಸಂದಿದೆ.

ಶಸ್ತ್ರಚಿಕಿತ್ಸೆ, ರೇಡಿಯೇಷನ್, ಕೀಮೋ ಎಲ್ಲ ಕೊಟ್ಟರೂ ಈ ಕಾಯಿಲೆಯಲ್ಲಿ ಬದುಕುವ ಅವಧಿ ಸರಾಸರಿ ಸುಮಾರು 15 ತಿಂಗಳು. ಆದ್ದರಿಂದ ಸಂಪರ್ಕವನ್ನೇ ಕಡಿದರೆ ಹೇಗೆ ಎಂಬ ಪ್ರಶ್ನೆ ಮಹತ್ವದ್ದು. ಪೆರಾಂಪನೆಲ್ ಎಂಬ ಮೂರ್ಛೆರೋಗದ ಮಾತ್ರೆ ಗ್ಲುಟಮೇಟ್ ಸಂದೇಶವನ್ನು ತಡೆಯುತ್ತದೆ. ಅದು ಈ ಕ್ಯಾನ್ಸರ್‌ಗೂ ನೆರವಾದೀತೇ ಎಂದು ಜರ್ಮನಿಯ ವೈದ್ಯರು ರೋಗಿಗಳಲ್ಲಿ ಪರೀಕ್ಷೆ ಕೈಗೊಂಡಿದ್ದಾರೆ.

ನಮ್ಮ ರಾಜ್ಯವೇನೂ ಹಿಂದೆ ಬಿದ್ದಿಲ್ಲ. ನಿಮ್ಹಾನ್ಸ್‌ನಲ್ಲಿ 1995ರಿಂದ ಮಿದುಳು ಬ್ಯಾಂಕ್ ಇದೆ. ಅಲ್ಲಿನ ಡಾ. ವಾಣಿ ಸಂತೋಷ್ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಕುಮಾರವೇಲ್ ಸೋಮಸುಂದರಂ ಜೊತೆಗೂಡಿ ಗ್ಲಿಯೊಬ್ಲಾಸ್ಟೋಮಾದ ಜೀನ್‌ಗಳನ್ನು ಅಧ್ಯಯನ ಮಾಡಿದ್ದಾರೆ. ಇಂಥ ಕೆಲಸಕ್ಕೆ ಎಂಬಿಬಿಎಸ್ ಓದಿದವರಷ್ಟೇ ಸಾಲದು. ಸಿಗ್ನಲ್ ಅಳೆಯುವವರು, ಎಂಆರ್‌ಐ ಚಿತ್ರ ವಿಶ್ಲೇಷಿಸುವವರು, ಕೋಡ್ ಬರೆಯುವವರೂ ಬೇಕು. ಸಾಫ್ಟ್‌ವೇರ್ ಕಂಪನಿಯ ಆಚೆಗೂ ನಮಗೆ ಕೆಲಸವಿದೆ.

ಅದಕ್ಕೂ ಮೊದಲು ಇಂದೇ ಮಾಡಬಹುದಾದ ಕೆಲಸವೊಂದಿದೆ. ಫಿಟ್ಸ್ ಬಂದವರಿಗೆಲ್ಲ ಗಡ್ಡೆ ಇರುವುದಿಲ್ಲ, ಗಾಬರಿ ಬೇಡ. ಆದರೆ ದೊಡ್ಡವರಲ್ಲಿ ಮೊದಲ ಬಾರಿ ಫಿಟ್ಸ್ ಕಾಣಿಸಿದರೆ ಕೈಗೆ ಕಬ್ಬಿಣ ಕೊಟ್ಟು, ಹರಕೆ ಹೊತ್ತು ಸುಮ್ಮನಾಗಬಾರದು. ಹರಕೆ ಹೊರಲಿ, ಜೊತೆಗೆ ನರರೋಗ ತಜ್ಞರ ಬಳಿಯೂ ಹೋಗಲಿ. ಮನೆಯಲ್ಲಿ ಇಷ್ಟು ಹೇಳಲು ನಮ್ಮ ಓದು ಸಾಕು.